ನೋಟದ ಕಟ್ಟೆ

ನಮ್ಮ ಕಾಡಿನಲ್ಲಿ ಮರ ಕಡಿಯಲು ಅಪ್ಪಣೆ ಬೇಕು, ನೆಡಲು ಬೇಡ. ಇದೊಂದು ಗೊತ್ತಿದ್ದರೆ ನಮ್ಮ ಅರಣ್ಯ ಇಲಾಖೆ ಪೂರ್ತಿ ಅರ್ಥವಾದ ಹಾಗೆ. ಉಳಿದದ್ದೆಲ್ಲ ಬರೀ ಬೋರ್ಡು, ಮತ್ತು ಆ ಬೋರ್ಡುಗಳನ್ನು ಬರೆಯುವವಳು ನಾನು.

ಕಾಲುದಾರಿ ಬಿಟ್ಟು ಹೋಗಬೇಡಿ. ಕೋತಿಗಳಿಗೆ ತಿಂಡಿ ಕೊಡಬೇಡಿ. ಕೊಳಕ್ಕೆ ಇಳಿಯಬೇಡಿ. ಡೇರೆ ಹಾಕುವ ಬಯಲಿನಲ್ಲಿ ಬೆಂಕಿ ಹಚ್ಚಬೇಡಿ. ಬೆಟ್ಟ ಹತ್ತಿ ನಾಲ್ಕು ಗಳಿಗೆ ಹಾಯಾಗಿರೋಣ ಅಂತ ಬಂದವರು ಏನೇನು ಮಾಡಬಾರದು ಅನ್ನುವುದನ್ನೆಲ್ಲ ತಗಡಿನ ಮೇಲೆ ಹಸಿರು ಬಣ್ಣ ಬಳಿದು ಬಿಳಿ ಅಕ್ಷರದಲ್ಲಿ ಬರೆದು ನಿಲ್ಲಿಸಿದ್ದೇನೆ. ಮಾಡಬಹುದಾದ ಕೆಲಸ ಅಂತ ಉಳಿದಿರುವುದು ಟಿಕೆಟ್ ತೆಗೆದುಕೊಳ್ಳುವುದು ಮಾತ್ರ. 'ಬಂಡೆಯ ಮೇಲೆ ಏನನ್ನೂ ಬರೆಯಬೇಡಿ' ಎಂದು ದಾರಿಯಲ್ಲಿ ಕಮಾನಿನ ಹಾಗೆ ಬಾಗಿರುವ ಬಂಡೆಯ ಮೇಲೆಯೇ ಆಳೆತ್ತರದ ಕೆಂಪು ಅಕ್ಷರದಲ್ಲಿ ಬರೆದವಳೂ ನಾನೇ. ಇಲಾಖೆಯ ಆದೇಶ ಹಾಗಿತ್ತು. ನಮ್ಮ ಅತ್ತೆ ಅದನ್ನು ನೋಡಿ, "ಹೇಳೋದು ಆಚಾರ, ತಿನ್ನೋದು ಬದನೆಕಾಯಿ" ಅಂದರು. ಅತ್ತೆಗೆ ಮಂಡಿ ನೋವು ಇದೆ, ನಾಲಿಗೆಗೆ ಮಾತ್ರ ಯಾವ ನೋವೂ ಇಲ್ಲ.

ನನ್ನ ಗಂಡ ಇದೇ ಇಲಾಖೆಯಲ್ಲಿ ಜೀಪು ಓಡಿಸುತ್ತಿದ್ದರು. ಅವರು ಕಾಯಿಲೆಯಲ್ಲಿ ಹೋದ ಮೇಲೆ ಅನುಕಂಪದ ಮೇಲೆ ನನಗೆ ಬೋರ್ಡು ಬರೆಯುವ ಕೆಲಸ ಕೊಟ್ಟರು. ಹಂಗಾಮಿ ಕೆಲಸ. ಇಲಾಖೆಯ ಅನುಕಂಪ ಕೂಡ ಹಂಗಾಮಿಯೇ ಇರಬೇಕು, ಯಾಕೆಂದರೆ ಪ್ರತಿ ವರ್ಷ ಅದನ್ನು ನವೀಕರಿಸಬೇಕಾಗುತ್ತದೆ. ನಾನೂ ಅತ್ತೆಯೂ ಇರುವುದು ಇಲಾಖೆಯ ವಸತಿ ಮನೆಯಲ್ಲಿ: ಎರಡು ಕೋಣೆ, ಒಂದು ಅಡುಗೆಮನೆ, ಕಿಟಕಿ ತೆಗೆದರೆ ಬೆಂಕಿ ಆರಿಸುವ ಸಾಮಾನು ಇಡುವ ಶೆಡ್ಡು. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಮನೆ ಹೋದರೆ ನಮಗೆ ಹೋಗಲು ಇನ್ನೊಂದು ಜಾಗವಿಲ್ಲ. ಕಾಯಂ ಮಾಡಿ ಎಂದು ಕೇಳಿ ಕೇಳಿ ನನ್ನ ಬಾಯಿ ಸವೆದಿತ್ತು.

ಕೇಳುತ್ತಿದ್ದದ್ದು ಕಚೇರಿಯ ಗುಮಾಸ್ತರನ್ನು. ಅವರನ್ನು ಬೆನ್ನ ಹಿಂದೆ ಎಲ್ಲರೂ ಅಡ್ಡಗೋಡೆ ಅನ್ನುತ್ತಾರೆ. ಏನೇ ಕೇಳಿದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ ಕೊಡುವುದರಿಂದ ಆ ಹೆಸರು. "ಆಗುತ್ತೆ ಅಂತ ಹೇಳೋಕಾಗಲ್ಲ, ಆಗಲ್ಲ ಅಂತ ಅನ್ನೋ ಹಾಗೂ ಇಲ್ಲ" ಅನ್ನುತ್ತಿದ್ದರು, ನಾನು ಚಹಾ ತಂದುಕೊಟ್ಟ ದಿನ ಕೂಡ.

ಇನ್ನು ಕಟ್ಟೆಯ ವಿಷಯ. ನಮ್ಮ ಬೆಟ್ಟದ ನೆತ್ತಿಗೆ ಸ್ವಲ್ಪ ಕೆಳಗೆ ಎರಡು ದೊಡ್ಡ ಬಂಡೆಗಳ ಸಂದಿನಲ್ಲಿ ಒಂದು ನೋಟದ ಕಟ್ಟೆ ಇದೆ. ಸಂದು ಅಂದರೆ ಕಿರಿದೇನಲ್ಲ, ಒಂದು ಲಾರಿ ಅಡ್ಡ ನಿಲ್ಲಿಸಬಹುದು. ಅಲ್ಲಿಂದ ಕಣಿವೆ ಪೂರ್ತಿ ಕಾಣುತ್ತಿತ್ತಂತೆ. ಯಾವುದೋ ಕಾಲದಲ್ಲಿ ಸಿಮೆಂಟಿನ ಮೆಟ್ಟಿಲು, ಕಬ್ಬಿಣದ ಕಂಬಿ, ಕಲ್ಲಿನ ಬೆಂಚು, ಕಾಸು ಹಾಕಿ ನೋಡುವ ದುರ್ಬೀನು ಎಲ್ಲ ಮಾಡಿಸಿದರು. ಕಂಬಿಯ ಆಚೆ ಒಂದಷ್ಟು ನೆಲವಿದೆ, ಆಮೇಲೆ ಪ್ರಪಾತ. ಆ ನೆಲ ಬೋಳಾಗಿ ಕಾಣುತ್ತದೆ ಎಂದು ಯಾರೋ ಉತ್ಸಾಹಿ ಸಾಹೇಬರು ಅಲ್ಲಿ ಗಿಡ ನೆಡಿಸಿದರು. ಸಾಹೇಬರಿಗೆ ವರ್ಗವಾಯಿತು, ಗಿಡಗಳಿಗೆ ಆಗಲಿಲ್ಲ. ಅವು ಬೆಳೆದವು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಸಂದಿನ ತುಂಬ ಎಲೆ. ಜನ ಏದುಸಿರು ಬಿಡುತ್ತ ಹತ್ತಿ ಬಂದು, ಬೆಂಚಿನ ಮೇಲೆ ಕೂತು, ಮರದ ಹೊಟ್ಟೆ ನೋಡಿ ಇಳಿದು ಹೋಗುತ್ತಿದ್ದರು. ದುರ್ಬೀನಿಗೆ ಕಾಸು ಹಾಕಿದರೆ ತೊಗಟೆಯ ಮೇಲೆ ಹರಿಯುವ ಇರುವೆಗಳು ಬಹಳ ಚೆನ್ನಾಗಿ ಕಾಣುತ್ತಿದ್ದವು. ಮಕ್ಕಳಿಗೆ ಅದು ಇಷ್ಟವಾಗುತ್ತಿತ್ತು, ದೊಡ್ಡವರು ಕಾಸು ವಾಪಸ್ ಕೇಳುತ್ತಿದ್ದರು.

ಮರ ಕಡಿಯಲು ಅಪ್ಪಣೆ ಕೇಳಿ ಕಚೇರಿಯವರು ಬರೆದರು. ಮೇಲಿನಿಂದ ಒಂದು ಸಮಿತಿ ಬಂತು. ಸಮಿತಿಯವರು ಕಟ್ಟೆಯ ಮೇಲೆ ನಿಂತು, ಬಗ್ಗಿ, ಪಕ್ಕಕ್ಕೆ ವಾಲಿ, ಕಿತ್ತಳೆ ಸುಲಿದು ತಿಂದು ಹೋದರು. ಆಮೇಲೆ ವರದಿ ಬಂತು: ನೋಟವು ಮರ ಕಡಿಯಲು ಯೋಗ್ಯವಾದಷ್ಟು ಸುಂದರವಾಗಿದೆಯೇ ಎಂಬುದನ್ನು ಮರಗಳು ಅಡ್ಡವಿರುವ ಕಾರಣ ಖಚಿತಪಡಿಸಿಕೊಳ್ಳಲಾಗಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರೆ; ನಮ್ಮವರಿಗೆ ಇಲಿಯೂ ಸಿಗಲಿಲ್ಲ.

ಹೀಗಿರುವಾಗ ಹೊಸ ಸಾಹೇಬರು ಬಂದರು. ಚುರುಕಿನ ಮನುಷ್ಯ, ಶರಟಿನ ಜೇಬಿನಲ್ಲಿ ಯಾವಾಗಲೂ ಒಂದು ಸೀಟಿ. ಕಟ್ಟೆ ನೋಡಿಕೊಂಡು ಬಂದವರೇ ನನ್ನನ್ನು ಕರೆಸಿದರು.

"ನೋಡಮ್ಮ, ಕಡಿಯೋ ಹಾಗಿಲ್ಲ ಅಷ್ಟೇ ತಾನೇ? ಬರೆಯೋ ಹಾಗಿದೆಯಲ್ಲ. ಆ ಸಂದಿನ ಅಳತೆಗೆ ಒಂದು ಬೋರ್ಡು ಮಾಡಿ, ಮರದ ಹಿಂದೆ ಏನಿದೆಯೋ ಅದನ್ನ ಬಿಡಿಸಿಬಿಡಿ. ಜನ ನೋಡ್ಕೊಂಡು ಹೋಗ್ತಾರೆ."

"ಮರದ ಹಿಂದೆ ಏನಿದೆ ಸರ್?"

ಸಾಹೇಬರು ಅಡ್ಡಗೋಡೆಯವರ ಮುಖ ನೋಡಿದರು. ಕಚೇರಿಯಲ್ಲಿ ಹಳಬರು ಅಂದರೆ ಅವರೊಬ್ಬರೇ. ಅವರು ಕನ್ನಡಕ ತೆಗೆದು ಒರೆಸಿ, "ಒಂದು ಕೆರೆ ಇತ್ತು ಅನ್ನೋ ಹಾಗೆ ಇತ್ತು. ಇರಲಿಲ್ಲ ಅಂತ ನಾನು ಅನ್ನಲ್ಲ" ಅಂದರು.

ಹೀಗೆ ಕೆರೆ ಬಂತು. ಕೆರೆಯ ಹಿಂದೆ ಬೆಟ್ಟ ನಾನಾಗಿಯೇ ಹಾಕಿದೆ. ಬೆಟ್ಟವಿಲ್ಲದ ಬೆಟ್ಟಸಾಲು ಎಲ್ಲಿರುತ್ತದೆ. ಇನ್ನೇನು ಮುಗಿಯಿತು ಅನ್ನುವಾಗ ಸಾಹೇಬರು ಶೆಡ್ಡಿಗೆ ಬಂದು ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದರು. "ಏನೋ ಸಪ್ಪೆ ಅನ್ಸುತ್ತೆ. ಒಂದು ಜಲಪಾತ ಹಾಕಿ." ಜಲಪಾತ ಇದೆಯಾ ಎಂದು ಕೇಳಿದ್ದಕ್ಕೆ, "ಇಷ್ಟು ದೊಡ್ಡ ಕಾಡು, ಎಲ್ಲೋ ಒಂದು ಇದ್ದೇ ಇರುತ್ತೆ" ಅಂದರು. ಅವರ ಕೋಣೆಯ ಕ್ಯಾಲೆಂಡರಿನಲ್ಲಿ ಒಂದು ಇತ್ತು. ಅದನ್ನೇ ನೋಡಿ ಬಿಡಿಸಿದೆ. ಎನಾಮೆಲ್ ಬಣ್ಣದಲ್ಲಿ ನೊರೆ ಬರಿಸುವುದು ಸುಲಭವಲ್ಲ. ಬ್ರಶ್ಶು ಬಿಟ್ಟು ಸ್ಪಂಜಿನಿಂದ ಒತ್ತಿ ಒತ್ತಿ ತಂದೆ. ಸುಳ್ಳು ಹೇಳಬಾರದು, ಚೆನ್ನಾಗಿಯೇ ಬಂದಿತ್ತು.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ನನ್ನ ಬೆಟ್ಟ ಹತ್ತಿರದಿಂದಲೂ ನುಣ್ಣಗಿತ್ತು, ಎರಡು ಕೈ ವಾರ್ನಿಶ್ ಹೊಡೆದಿದ್ದೆ. ಕಂಬಿಗೆ ಸೇರಿಸಿ ಬೋರ್ಡು ನಿಲ್ಲಿಸಿದ ವಾರದಿಂದಲೇ ಜನ ಬರತೊಡಗಿದರು. ಮೊದಲು ಬೋರ್ಡಿನ ಮುಂದೆ ನಿಂತು ನಗುತ್ತ ಫೋಟೋ ತೆಗೆಸಿಕೊಂಡರು. ಆ ಫೋಟೋ ನೋಡಿದವರು ಜಲಪಾತ ನಿಜ ಎಂದುಕೊಂಡು ಬಂದರು. ಬಂದ ಮೇಲೆ ಬೋರ್ಡು ಎಂದು ಗೊತ್ತಾದರೂ, ಹಿಂದೆ ಇರುವುದನ್ನೇ ತಾನೇ ಬರೆದಿರುವುದು ಎಂದು ಸಮಾಧಾನಪಟ್ಟುಕೊಂಡು ತಾವೂ ಫೋಟೋ ತೆಗೆಸಿಕೊಂಡು ಹೋದರು. ಬೆಟ್ಟದ ಬುಡದಲ್ಲಿ ವಾಹನ ನಿಲ್ಲಿಸಲು ಜಾಗ ಸಾಲದಾಯಿತು. ಸಾಹೇಬರು ವಾರ್ಷಿಕ ವರದಿಯಲ್ಲಿ ಕಟ್ಟೆಯನ್ನು 'ಜಲಪಾತ ವೀಕ್ಷಣಾ ತಾಣ' ಎಂದು ಬರೆಸಿದರು. ಆ ಹೆಸರಿನ ಬೋರ್ಡನ್ನೂ ನಾನೇ ಬರೆದೆ.

"ಮೇಲಿನವರು ನೋಡೋಕೆ ಬರ್ತಿದ್ದಾರಮ್ಮ" ಎಂದು ಸಾಹೇಬರು ಒಂದು ದಿನ ಹೇಳಿದರು. "ಅವರಿಗೆ ಹಿಡಿಸಿದ್ರೆ ನಿಮ್ಮ ಕಾಯಂ ಆದೇಶಕ್ಕೆ ಅಲ್ಲೇ ಸಹಿ ಹಾಕಿಸ್ತೀನಿ." ನಾನು ಅಡ್ಡಗೋಡೆಯವರ ಕಡೆ ನೋಡಿದೆ. ಅವರು ತಲೆ ಅಲ್ಲಾಡಿಸಿದರು, ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ಆದರೂ ಮನೆಗೆ ಬಂದು ಅತ್ತೆಗೆ ಹೇಳಿ, ಇಬ್ಬರೂ ಅಡುಗೆಮನೆಯ ಗೋಡೆಗೆ ಯಾವ ಬಣ್ಣ ಹೊಡೆಯುವುದು ಎಂದು ಜಗಳವಾಡಿದೆವು. ನಮ್ಮದಾಗುವ ಮನೆಯ ಬಗ್ಗೆ ಜಗಳವಾಡುವುದು ಎಷ್ಟು ಸುಖ ಎಂದು ಅವತ್ತು ಗೊತ್ತಾಯಿತು.

ಮರ ಕಡಿಯಲು ಅಪ್ಪಣೆ ಬೇಕು ಅನ್ನುವುದು ಗಾಳಿಗೆ ಗೊತ್ತಿರಲಿಲ್ಲ. ಮೇಲಿನವರು ಬರಲು ಇನ್ನು ಕೆಲವು ದಿನ ಇದೆ ಅನ್ನುವಾಗ ಒಂದು ಮಧ್ಯಾಹ್ನ ಎದ್ದ ಗಾಳಿ ಸಂಜೆಯವರೆಗೂ ಬಿಡಲಿಲ್ಲ. ಬೆಳಿಗ್ಗೆ ಬೋರ್ಡಿನ ಗತಿ ಏನಾಯಿತೋ ಎಂದು ಓಡುತ್ತಲೇ ಬೆಟ್ಟ ಹತ್ತಿದೆ. ಬೋರ್ಡು ಕಂಬ ಸಮೇತ ಕಿತ್ತು ಬಂದು ಬೆಂಚಿಗೆ ಒರಗಿ ನಿಂತಿತ್ತು, ಒಂದು ಮೂಲೆ ಮಡಚಿತ್ತು, ಅಷ್ಟೇ. ಅಬ್ಬ ಅಂದುಕೊಂಡು ತಲೆ ಎತ್ತಿದೆ. ಸಂದಿನಲ್ಲಿ ಮರಗಳಿರಲಿಲ್ಲ. ಅಷ್ಟೂ ಬುಡಮೇಲಾಗಿ ಪ್ರಪಾತಕ್ಕೆ ಬಿದ್ದಿದ್ದವು.

ಕೆರೆ ಇರಲಿಲ್ಲ. ಜಲಪಾತ ಇರಲಿಲ್ಲ. ಇದ್ದದ್ದು ಬರೀ ಬೆಟ್ಟ. ಒಂದರ ಹಿಂದೆ ಒಂದು, ಅದರ ಹಿಂದೆ ಇನ್ನೊಂದು, ಕೊನೆಯದು ಆಕಾಶವೋ ಬೆಟ್ಟವೋ ಗೊತ್ತಾಗದ ಹಾಗೆ. ನಾನು ಬೆಟ್ಟಕ್ಕೆಲ್ಲ ಡಬ್ಬಿಯಲ್ಲಿದ್ದ ನೀಲಿ ಹೊಡೆದಿದ್ದೆ. ಇವು ನೀಲಿಯೇ ಅಲ್ಲ. ಹತ್ತಿರದ್ದು ಕಪ್ಪು ಹಸಿರು, ನಡುವಿನದು ಬೂದಿ ಬಣ್ಣ, ಅದರಾಚೆಯದಕ್ಕೆ ನನ್ನ ಹತ್ತಿರ ಹೆಸರೂ ಇಲ್ಲ, ಡಬ್ಬಿಯೂ ಇಲ್ಲ. ಒಂದು ಮೋಡದ ನೆರಳು ಕಣಿವೆಯನ್ನು ನಿಧಾನವಾಗಿ ದಾಟುತ್ತಿತ್ತು. ಅದು ಹೋದ ಕಡೆ ಕಾಡು ಕಪ್ಪಾಗಿ, ಬಿಟ್ಟ ಕಡೆ ಹೊಳೆಯುತ್ತಿತ್ತು. ನಾನು ನಿಂತೇ ಇದ್ದೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು.

ಇಳಿದು ಹೋಗಿ ಅತ್ತೆಯನ್ನು ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ ಮಂಡಿ, ಸೊಸೆ, ಸರಕಾರ ಮೂರಕ್ಕೂ ಬೈದರು. "ಎಲೆ ನೋಡೋಕೆ ಇಷ್ಟು ಎತ್ತರ ಯಾಕೆ ಹತ್ತಬೇಕೇ, ಹಿತ್ತಲಲ್ಲಿಲ್ವಾ?" ಕಟ್ಟೆ ಹತ್ತಿ ಬೆಂಚಿನ ಮೇಲೆ ಕೂತವರು ಸುಮ್ಮನಾದರು. ನಾನು ಮದುವೆಯಾಗಿ ಬಂದ ಮೇಲೆ ಅತ್ತೆ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಜೀಪು ಓಡಿಸ್ತಿದ್ದಾಗ ಅವನನ್ನ ಕೇಳಿದ್ದೆ, ಮೇಲೆ ಏನಿದೆಯೋ ಅಂತ. ಏನೂ ಇಲ್ಲಮ್ಮ, ಬರೀ ಬೆಟ್ಟ ಅಂದಿದ್ದ" ಅಂದರು. ಸ್ವಲ್ಪ ಬಿಟ್ಟು, "ಕತ್ತೆ" ಅಂದರು.

ನನಗೇನೋ ಆಸೆ ಹುಟ್ಟಿತು. ರಜೆಯ ದಿನ ಬಂದರೆ ಜನ ಇದನ್ನು ನೋಡಿ ಬೆರಗಾಗುತ್ತಾರೆ, ಸಾಹೇಬರು ಕುಣಿದಾಡುತ್ತಾರೆ, ಸುಳ್ಳು ಬರೆಯುವ ಪಾಡು ತಪ್ಪುತ್ತದೆ ಅಂದುಕೊಂಡೆ. ಜನ ಬಂದರು. ಊರುಗೋಲು, ಬೂಟು, ಬೆನ್ನಿಗೆ ಚೀಲ ಎಲ್ಲ ಹೊಸದಾಗಿದ್ದ ಒಬ್ಬರು ಹೆಂಡತಿ ಮಕ್ಕಳ ಜತೆ ಮೇಲೆ ಬಂದು ಸಂದಿನಿಂದ ನೋಡಿ ನನ್ನ ಕಡೆ ತಿರುಗಿದರು.

"ಜಲಪಾತ ಎಲ್ಲಿ?"

"ಇಲ್ಲ ಸರ್."

"ಬೇಸಿಗೆಗೆ ಬತ್ತಿ ಹೋಯ್ತಾ?"

"ಇರಲೇ ಇಲ್ಲ ಸರ್. ಆದ್ರೆ ಈ ಬೆಟ್ಟ ನೋಡಿ, ಆ ನೆರಳು ನೋಡಿ."

"ಬೆಟ್ಟ ನೋಡೋಕೆ ಬೆಟ್ಟ ಹತ್ತಬೇಕಾ?" ಅಂದರು. "ಇದು ಮೋಸ. ಟಿಕೆಟ್ ಮೇಲೆ ಜಲಪಾತ ಅಂತ ಇದೆ." ಹೆಂಡತಿ ಅಷ್ಟರಲ್ಲಿ ಬೆಂಚಿಗೆ ಒರಗಿದ್ದ ಬೋರ್ಡನ್ನು ಕಂಡುಹಿಡಿದಿದ್ದರು. ಮಡಚಿದ ಮೂಲೆಯ ಮೇಲೆ ಚೀಲ ಇಟ್ಟು ಮುಚ್ಚಿ, ಮಕ್ಕಳನ್ನು ಅದರ ಮುಂದೆ ನಿಲ್ಲಿಸಿದರು. ಹಿಂದಿನವರು ಅದನ್ನು ನೋಡಿ ಸಾಲು ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಕಟ್ಟೆಯ ತುಂಬ ಜನ, ಎಲ್ಲರೂ ಕಣಿವೆಗೆ ಬೆನ್ನು ಹಾಕಿ ನನ್ನ ತಗಡಿನ ಮುಂದೆ ನಿಂತಿದ್ದರು. ನನ್ನ ಚಿತ್ರಕ್ಕೆ ಅಂಥ ಮರ್ಯಾದೆ ಸಿಕ್ಕಿತಲ್ಲ ಎಂದು ಹೆಮ್ಮೆಪಡಬೇಕಿತ್ತು, ಹೊಟ್ಟೆ ಉರಿಯಿತು.

ದೂರುಗಳು ಕಚೇರಿಗೆ ಹೋದವು. ಸಾಹೇಬರು ಕರೆಸಿದಾಗ ಅವರ ಮುಖ ಬಿಳುಚಿತ್ತು. ನಾನು ಧೈರ್ಯ ಮಾಡಿ, "ಸರ್, ಈಗ ನಿಜವಾದ ನೋಟಾನೇ ಇದೆಯಲ್ಲ, ಮೇಲಿನವರಿಗೆ ಅದನ್ನೇ ತೋರಿಸೋಣ" ಅಂದೆ.

"ವರದಿಯಲ್ಲಿ ಜಲಪಾತ ಇದೆಯಮ್ಮ. ಬೆಟ್ಟದಲ್ಲಿ ಇಲ್ಲ ಅಂದ್ರೆ ತಪ್ಪು ಯಾರದ್ದಾಗುತ್ತೆ?"

ಅಡ್ಡಗೋಡೆಯವರು ಜೀವಮಾನದಲ್ಲಿ ಮೊದಲ ಸಲ ನೇರವಾಗಿ ಮಾತಾಡಿದರು. "ಜಲಪಾತ ಬರೆದವರದ್ದು" ಅಂದರು.

"ಹಾಗೇನೂ ಆಗೋದು ಬೇಡ" ಎಂದು ಸಾಹೇಬರು ಕರುಣೆಯಿಂದ ಹೇಳಿದರು. "ಬೋರ್ಡು ಸರಿಮಾಡಿ ಮೊದಲಿನ ಜಾಗದಲ್ಲೇ ನಿಲ್ಲಿಸಿ. ಅದರ ಹಿಂದೆ ಬೇಗ ಬೆಳೆಯೋ ಜಾತಿಯ ಸಸಿ ನೆಡಿ. ನೆಡೋಕೆ ಯಾರ ಅಪ್ಪಣೆಯೂ ಬೇಡ."

"ಬೋರ್ಡೇ ಮುಚ್ಚುತ್ತಲ್ಲ ಸರ್, ಸಸಿ ಯಾಕೆ?"

"ಹಿಂದೆ ಮರ ಇದ್ದು ಮುಂದೆ ಬೋರ್ಡು ಇದ್ರೆ ಅದು ಸೌಲಭ್ಯ. ಹಿಂದೆ ಮರ ಇಲ್ದೆ ಬೋರ್ಡು ಇದ್ರೆ ಅದು ವಂಚನೆ. ಇಷ್ಟು ಅರ್ಥ ಆಗಲ್ವಾ?" ಅರ್ಥವಾಯಿತು. ಸಾಹೇಬರಾಗಲು ಯಾಕೆ ಪರೀಕ್ಷೆ ಬರೆಯಬೇಕು ಅನ್ನುವುದೂ ಅರ್ಥವಾಯಿತು.

ಮನೆಗೆ ಬಂದು ಅತ್ತೆಗೆ ಹೇಳಿದೆ. ನನ್ನ ಕೈಯಲ್ಲಿ ಆಗಲ್ಲ, ಆ ಸಂದನ್ನು ನಾನು ಮುಚ್ಚಲ್ಲ, ಬೇಕಿದ್ದರೆ ಕೆಲಸ ಹೋಗಲಿ ಎಂದು ದೊಡ್ಡದಾಗಿ ಮಾತಾಡಿದೆ. ಅತ್ತೆ ಅವರೆಕಾಳು ಬಿಡಿಸುತ್ತ ಪೂರ್ತಿ ಕೇಳಿಸಿಕೊಂಡರು.

"ಆಯ್ತು. ಆಮೇಲೆ ಎಲ್ಲಿ ಮಲಗ್ತೀಯ?"

"ಎಲ್ಲಾದ್ರೂ."

"ನನ್ನನ್ನ ಎಲ್ಲಿ ಮಲಗಿಸ್ತೀಯ?"

ನಾನೂ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸತೊಡಗಿದೆ. "ಬೆಟ್ಟಕ್ಕೆ ಏನೇ ಕೇಡು ಬಂದಿರೋದು?" ಅಂದರು ಅತ್ತೆ. "ಅದು ನೀನು ನೋಡಿದ್ರೂ ಇರುತ್ತೆ, ನೋಡದಿದ್ರೂ ಇರುತ್ತೆ. ಈ ಮನೆ ಹಾಗಲ್ಲ. ಹೋಗಿ ಸಸಿ ನೆಡು."

ನೆಟ್ಟೆ. ಮಡಚಿದ ಮೂಲೆಯನ್ನು ಸುತ್ತಿಗೆಯಲ್ಲಿ ತಟ್ಟಿ, ಕೆರೆಗೆ ಇನ್ನೊಂದು ಕೈ ಬಣ್ಣ ಹೊಡೆದು, ಬೋರ್ಡನ್ನು ಈ ಸಲ ಎರಡೂ ಕಡೆ ಬಂಡೆಗೆ ತಾಗಿ ಬಿರುಕೂ ಉಳಿಯದ ಹಾಗೆ ಅಗಲ ಮಾಡಿ ನಿಲ್ಲಿಸಿದೆ. ಪಕ್ಕದಲ್ಲಿ ಹಿಂದಕ್ಕೆ ಹೋಗಲು ಒಂದು ಪುಟ್ಟ ಬಾಗಿಲು. ಅದರ ಮೇಲೆ 'ಕುಸಿಯುವ ನೆಲ, ಸಿಬ್ಬಂದಿಗೆ ಮಾತ್ರ' ಎಂದು ಬರೆದೆ. ಮೇಲಿನವರು ಬಂದರು. ಬೋರ್ಡಿನ ಮುಂದೆ ಬಹಳ ಹೊತ್ತು ನಿಂತು, "ಸದ್ದು ಕೇಳಿಸ್ತಿಲ್ಲವಲ್ಲ" ಅಂದರು. ಸಾಹೇಬರು, "ದೂರ ಸರ್" ಅಂದರು. ಬಾಗಿಲು ತೆಗೆದು ನೋಡಬೇಕು ಎಂದು ಅವರಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಬರೆದದ್ದನ್ನು ಓದಿ, ಅಕ್ಷರ ದುಂಡಗಿದೆ ಎಂದು ಮೆಚ್ಚಿದರು. ಸಹಿ ಅಲ್ಲೇ, ಬೆಂಚಿನ ಮೇಲೆಯೇ ಆಯಿತು.

ಈಗ ನಾನು ಕಾಯಂ. ಹುದ್ದೆಯ ಹೆಸರು ನೋಟ ನಿರ್ವಾಹಕಿ. ಮಳೆಗಾಲಕ್ಕೆ ಮುಂಚೆ ಬೋರ್ಡಿಗೆ ಹೊಸ ಬಣ್ಣ ಹೊಡೆಯುವುದು, ದಿನವೂ ಹಿಂದಿನ ಸಸಿಗಳಿಗೆ ನೀರು ಹಾಕುವುದು ನನ್ನ ಕೆಲಸ. ಸಸಿ ಸತ್ತರೆ ನನ್ನನ್ನು ಕೇಳುತ್ತಾರೆ. ಅಡುಗೆಮನೆಗೆ ಅತ್ತೆ ಹೇಳಿದ ಬಣ್ಣವನ್ನೇ ಹೊಡೆದಿದ್ದೇನೆ, ಚೆನ್ನಾಗಿಲ್ಲ.

ಸಂಜೆ ಜನ ಇಳಿದು ಹೋದ ಮೇಲೆ ಅತ್ತೆಯನ್ನು ಕರೆದುಕೊಂಡು ಮೇಲೆ ಹೋಗುತ್ತೇನೆ. ಮಂಡಿಗೆ ಬೈಯುವುದನ್ನು ಅವರು ಬಿಟ್ಟಿಲ್ಲ, ಹತ್ತುವುದನ್ನೂ ಬಿಟ್ಟಿಲ್ಲ. ಬಾಗಿಲು ತೆಗೆದು, ಬೋರ್ಡಿನ ಹಿಂದೆ ಮಡಚುವ ಕುರ್ಚಿ ಹಾಕಿ ಕೂರಿಸುತ್ತೇನೆ. ಇಡೀ ಬೆಟ್ಟದಲ್ಲಿ ಬೆಟ್ಟವನ್ನು ನೋಡುವವರು ನಾವಿಬ್ಬರೇ. ಸಸಿಗಳು ನೆಟ್ಟಾಗ ಮೊಣಕಾಲಿಗಿದ್ದವು. ಬೇಗ ಬೆಳೆಯುವ ಜಾತಿ ಎಂದು ಸಾಹೇಬರು ಸುಳ್ಳು ಹೇಳಿರಲಿಲ್ಲ. ನಿನ್ನೆ ನೋಡಿದರೆ ಕೂತವರ ಗದ್ದದವರೆಗೆ ಬಂದಿವೆ. ಅತ್ತೆ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಕೊನೆಯ ಬೆಟ್ಟದ ಮೇಲೆ ಇನ್ನೂ ಬೆಳಕಿತ್ತು.

"ಸ್ವಲ್ಪ ಕಮ್ಮಿ ಹಾಕೇ ನೀರು" ಅಂದರು, ನನ್ನ ಕಡೆ ತಿರುಗದೆ.

"ಒಣಗಿ ಹೋಗುತ್ತೆ ಅತ್ತೆ."

"ಒಣಗೋಷ್ಟು ಅಲ್ಲ. ಸ್ವಲ್ಪ ನಿಧಾನ ಆಗೋಷ್ಟು." ದನಿ ತಗ್ಗಿಸಿ ಸೇರಿಸಿದರು, "ನಾನು ಇರೋವರೆಗೆ."

ನಾನು ಬಕೆಟ್ ಹಿಡಿದುಕೊಂಡು ನಿಂತೆ. ನೆಡು ಅಂದದ್ದು ಅವರೇ, ಅದು ಇಬ್ಬರಿಗೂ ನೆನಪಿತ್ತು. ಸ್ವಲ್ಪ ಹೊತ್ತಾದ ಮೇಲೆ ಬಗ್ಗಿ, ಒಂದೊಂದೇ ಬುಡಕ್ಕೆ, ಎಂದಿನಷ್ಟೇ ನೀರು ಹಾಕಿದೆ. ಅತ್ತೆ ಕುರ್ಚಿಯಿಂದ ಎದ್ದು ನಿಂತುಕೊಂಡು ನೋಡತೊಡಗಿದರು.